ಕಂಪೈಲರ್‌ಗೆ ಜೊತೆಗಾರರು ಬೇಕು, ಸರಿ. ಮೊದಲು ಯಾರು?

ಪ್ರಶ್ನೆ: ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಾಲೇಜಿನ ದಿನಗಳಿಂದಲೂ ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ) ಹುಚ್ಚು. ಸೂಪರ್‌ಕಂಪ್ಯೂಟರ್‌ಗಳಲ್ಲಿ ಓಡುವ ವೈಜ್ಞಾನಿಕ ಪ್ರೋಗ್ರಾಂಗಳ ವೇಗವನ್ನು ತಾನಾಗಿಯೇ ಹೆಚ್ಚಿಸುವ ಕಂಪೈಲರ್ ಕಟ್ಟಬೇಕು ಅಂತ ಎರಡು ವರ್ಷದಿಂದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಸ್ವಂತ ಭಾಷೆ, ಅದನ್ನು ಓದಿ ಬಿಡಿಸಿಕೊಳ್ಳುವ ಸ್ವಂತ ಪಾರ್ಸರ್ ಆಗಿದೆ. ಲೂಪ್‌ಗಳನ್ನು (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳನ್ನು) ಬದಲಾಯಿಸುವ ಭಾಗ ಅರ್ಧ ಆಗಿದೆ. ಒಬ್ಬನ ಕೈಲಿ ಆಗುವ ಕೆಲಸವಲ್ಲ ಅನ್ನಿಸಿ ಪರಿಚಯದವರಿಗೆಲ್ಲ ಹೇಳಿದೆ. ಒಂಬತ್ತು ಜನ ಉತ್ಸಾಹದಿಂದ ಬಂದರು. ಎರಡೇ ತಿಂಗಳಲ್ಲಿ ಎಲ್ಲರೂ ಮಾಯ. ಜೊತೆಗಾರರನ್ನು ಎಲ್ಲಿ ಹುಡುಕಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಒಬ್ಬಿಬ್ಬರು ಹೋಗಿದ್ದರೆ ಅವರ ಸೋಮಾರಿತನ ಅನ್ನಬಹುದಿತ್ತು. ಒಂಬತ್ತಕ್ಕೆ ಒಂಬತ್ತೂ ಜನ ಹೋದರು ಅಂದ ಮೇಲೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಬಂದ ಮೊದಲ ಶನಿವಾರ ಅವರು ಕೂತು ಮಾಡುವಂಥ ಕೆಲಸ ಏನಿತ್ತು? ನಿಮ್ಮ ಪತ್ರದಿಂದಲೇ ಊಹಿಸಬಹುದು. ನಿಮ್ಮ ಭಾಷೆ ಕಲಿಯಬೇಕಿತ್ತು. ನಿಮ್ಮ ಪಾರ್ಸರ್ ಓದಬೇಕಿತ್ತು. ಅರ್ಧ ಆಗಿರುವ ಲೂಪ್ ಭಾಗ ನಿಮ್ಮ ತಲೆಯೊಳಗೆ ಹೇಗಿದೆ ಅಂತ ನಿಮ್ಮನ್ನೇ ಕೇಳಿ ತಿಳಿಯಬೇಕಿತ್ತು. ಇಷ್ಟೆಲ್ಲ ಆದ ಮೇಲೂ "ಇಂಥವರ ಪ್ರೋಗ್ರಾಂ ಇಷ್ಟು ಬೇಗ ಓಡಿತು" ಅಂತ ಹೇಳಿಕೊಳ್ಳಲು ಅವರ ಹತ್ತಿರ ಏನೂ ಇರಲಿಲ್ಲ.

ಹಾಗಾಗಿ "ಎಲ್ಲಿ ಹುಡುಕಲಿ" ಅನ್ನುವುದಕ್ಕೆ ಆಮೇಲೆ ಬರೋಣ. ಮೊದಲು "ಯಾರನ್ನು". ನಿಮಗೆ ಈಗ ಬೇಕಿರುವ ಮೊದಲ ಜೊತೆಗಾರರಿಗೆ ಕಂಪೈಲರ್ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಅವರ ಹತ್ತಿರ ನಿಧಾನಕ್ಕೆ ಓಡುವ ಒಂದು ಪ್ರೋಗ್ರಾಂ ಇರಬೇಕು, ಅದರ ಕಾಟಕ್ಕೆ ಅವರು ಬೇಸತ್ತಿರಬೇಕು. ಅಷ್ಟೇ.

ಇದು ಹಳೇ ಪಾಠ. ವೈಜ್ಞಾನಿಕ ಲೆಕ್ಕಗಳಿಗೆಂದೇ ಹುಟ್ಟಿದ ಫೋರ್ಟ್ರಾನ್ ಭಾಷೆಯ ಕಂಪೈಲರ್ ಕಥೆ ನೋಡಿ. ಐಬಿಎಂನಲ್ಲಿ ಜಾನ್ ಬ್ಯಾಕಸ್ ಅವರ ತಂಡ 1954ರ ಹೊತ್ತಿಗೆ ಕೆಲಸ ಶುರು ಮಾಡಿತು. 704 ಎಂಬ ಯಂತ್ರಕ್ಕಾಗಿ ಬರೆದ ಆ ಕಂಪೈಲರ್ ಗ್ರಾಹಕರ ಕೈಗೆ ಹೋಗಿದ್ದು 1957ರ ಏಪ್ರಿಲ್‌ನಲ್ಲಿ. ಯಾವಾಗ ಮುಗಿಯುತ್ತೆ ಅಂತ ಕೇಳಿದಾಗಲೆಲ್ಲ "ಇನ್ನು ಆರು ತಿಂಗಳು" ಅನ್ನುತ್ತಿದ್ದರಂತೆ. (ನಮ್ಮ ವೃತ್ತಿಯ ಈ ಸಂಪ್ರದಾಯ ಅಷ್ಟು ಹಳೆಯದು!) ತಂಡದಲ್ಲಿ ಇದ್ದಿದ್ದು ಹೆಚ್ಚೂ ಕಡಿಮೆ ಹತ್ತು ಜನ. ಅವರಲ್ಲಿ ರಾಯ್ ನಟ್ ಬಂದಿದ್ದು ಯುನೈಟೆಡ್ ಏರ್‌ಕ್ರಾಫ್ಟ್ ಕಂಪನಿಯಿಂದ, ರಾಬರ್ಟ್ ಹ್ಯೂಸ್ ಬಂದಿದ್ದು ಲಿವರ್‌ಮೋರ್ ಪ್ರಯೋಗಾಲಯದಿಂದ. ಎರಡೂ ಕಡೆ ದೊಡ್ಡ ದೊಡ್ಡ ಲೆಕ್ಕಗಳನ್ನು ಯಂತ್ರದ ಮೇಲೆ ಓಡಿಸಿ, ಕಾದು ಸುಸ್ತಾದವರೇ ಇದ್ದರು. ಬ್ಯಾಕಸ್ ಅವರಿಗೆ ಇದ್ದ ದೊಡ್ಡ ಭಯವೂ ಅದೇ. ಕೈಯಲ್ಲಿ ಬರೆದ ಕೋಡ್‌ಗಿಂತ ಕಂಪೈಲರ್ ಕೊಡುವ ಕೋಡ್ ನಿಧಾನವಾಗಿ, ಅರ್ಧ ವೇಗದಲ್ಲಿ ಓಡಿದರೆ ಯಾರೂ ಅದನ್ನು ಮುಟ್ಟುವುದಿಲ್ಲ ಎಂಬ ಭಯ. ಆ ಭಯ ಬರಬೇಕಾದರೆ ಬಳಸುವವರು ಪಕ್ಕದ ಕುರ್ಚಿಯಲ್ಲೇ ಕೂತಿರಬೇಕು.

ನೀವು ಸ್ವಂತ ಭಾಷೆ ಮಾಡಿದ್ದೀರಿ. ಆದರೆ ಯಾರಿಗಾಗಿ ಅಂತ ಪತ್ರದಲ್ಲಿ ಎಲ್ಲೂ ಹೇಳಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗಾಯಿತು ಅಲ್ವಾ?

ಈಗ ಒಂದು ಲೆಕ್ಕ ಮಾಡೋಣ. ಜೊತೆಗಾರರನ್ನು ಕರೆಯುವಾಗ ನಿಮ್ಮ ಕೈಯಲ್ಲಿ ಇರಬೇಕಾದದ್ದು ಇಂಥ ಲೆಕ್ಕವೇ.

ಒಂದು ತಗಡಿನ ಮೇಲೆ ಶಾಖ ಹೇಗೆ ಹರಡುತ್ತದೆ ಅಂತ ಕಂಡುಹಿಡಿಯಬೇಕು ಅಂದುಕೊಳ್ಳಿ. ತಗಡನ್ನು 4000 ಅಡ್ಡ, 4000 ಉದ್ದ ಚೌಕಗಳಾಗಿ ಭಾಗ ಮಾಡುತ್ತೇವೆ. ಪ್ರತಿ ಹೆಜ್ಜೆಯಲ್ಲೂ ಒಂದೊಂದು ಚೌಕದ ಹೊಸ ಬೆಲೆಯನ್ನು ಅದರ ಹಳೇ ಬೆಲೆ ಮತ್ತು ನಾಲ್ಕು ದಿಕ್ಕಿನ ನೆರೆಯವರ ಬೆಲೆಯಿಂದ ಲೆಕ್ಕ ಹಾಕುತ್ತೇವೆ. ಇಂಥದ್ದನ್ನು ಸ್ಟೆನ್ಸಿಲ್ ಅನ್ನುತ್ತಾರೆ. ಹವಾಮಾನ, ಭೂಕಂಪದ ಅಲೆ, ಗಾಳಿಯ ಹರಿವು, ಎಲ್ಲದರ ಹೊಟ್ಟೆಯಲ್ಲೂ ಇದರ ಅಣ್ಣತಮ್ಮಂದಿರು ಇದ್ದಾರೆ.

ಒಟ್ಟು 1 ಕೋಟಿ 60 ಲಕ್ಷ ಚೌಕ. ಒಂದಕ್ಕೆ 8 ಬೈಟ್. ಅಂದರೆ 128 ಎಂಬಿ. ಒಂದು ಹೆಜ್ಜೆಗೆ ಇಷ್ಟನ್ನು ಓದಬೇಕು, ಇನ್ನೊಂದು 128 ಎಂಬಿ ಬರೆಯಬೇಕು. ಇಷ್ಟು ದೊಡ್ಡದು ಸಾಮಾನ್ಯ ಪ್ರೊಸೆಸರ್‌ನ ಕ್ಯಾಶ್‌ನಲ್ಲಿ (ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮೊರಿಯಲ್ಲಿ) ಹಿಡಿಸುವುದಿಲ್ಲ. ಮೆಮೊರಿ ಸೆಕೆಂಡಿಗೆ 20 ಜಿಬಿ ಕೊಡುತ್ತದೆ ಅಂದರೆ, 256 ಎಂಬಿ ಓಡಾಡಲು ಸುಮಾರು 13 ಮಿಲಿಸೆಕೆಂಡ್ ಬೇಕು. ಇನ್ನು ಲೆಕ್ಕದ ಕೆಲಸ? ಚೌಕಕ್ಕೆ ಆರು ಕೂಡು-ಗುಣಿಸು ಅಂದರೂ ಹತ್ತು ಕೋಟಿಗಿಂತ ಕಡಿಮೆ. ಪ್ರೊಸೆಸರ್‌ನ ಒಳಗೆ ಲೆಕ್ಕ ಮಾಡುವ ಎಂಟು ಕೋರ್‌ಗಳು ಸೇರಿ ಸೆಕೆಂಡಿಗೆ ಹತ್ತು ಸಾವಿರ ಕೋಟಿ ಲೆಕ್ಕ ಮಾಡುತ್ತವೆ ಅಂದರೆ, ಅದು ಒಂದೇ ಮಿಲಿಸೆಕೆಂಡಿನ ಕೆಲಸ. ಉಳಿದ 12 ಮಿಲಿಸೆಕೆಂಡ್ ಪ್ರೊಸೆಸರ್ ಸುಮ್ನೆ ಕೂತಿರುತ್ತದೆ. ಒಲೆಯ ಮೇಲೆ ಎಣ್ಣೆ ಕಾಯಿಸಿ, ಸಾಸಿವೆಗೊಮ್ಮೆ ಅಂಗಡಿಗೆ ಓಡಿ, ಕರಿಬೇವಿಗೆ ಮತ್ತೊಮ್ಮೆ ಓಡಿದ ಹಾಗೆ.

ಇದನ್ನು ಸರಿಮಾಡುವ ದಾರಿ ಗೊತ್ತಿರುವಂಥದ್ದೇ. ತಗಡನ್ನು ಪೂರ್ತಿ ಒಂದು ಹೆಜ್ಜೆ ಮುಂದೆ ಒಯ್ಯುವ ಬದಲು, ಕ್ಯಾಶ್‌ನಲ್ಲಿ ಹಿಡಿಸುವಷ್ಟು ತುಂಡು ತೆಗೆದುಕೊಂಡು ಅದನ್ನೇ ಹತ್ತಾರು ಹೆಜ್ಜೆ ಮುಂದೆ ಒಯ್ಯುವುದು. ಒಮ್ಮೆ ತಂದ ಸಾಮಾನಿನಲ್ಲಿ ಹತ್ತು ಒಗ್ಗರಣೆ. ತೊಂದರೆ ಇರುವುದು ತುಂಡಿನ ಅಂಚಿನಲ್ಲಿ. ಅಲ್ಲಿಯ ಚೌಕಕ್ಕೆ ಪಕ್ಕದ ತುಂಡಿನ ಬೆಲೆ ಬೇಕು, ಆ ತುಂಡು ಇನ್ನೂ ಹಿಂದಿನ ಹೆಜ್ಜೆಯಲ್ಲೇ ಇದೆ. ಅದಕ್ಕೆ ತುಂಡುಗಳನ್ನು ಕಾಲದ ದಿಕ್ಕಿನಲ್ಲಿ ಓರೆಯಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದರೆ ತುಂಡುಗಳು ಒಂದಕ್ಕೊಂದು ಕಾಯುತ್ತಾ ಸಾಲು ನಿಲ್ಲುತ್ತವೆ, ಎಲ್ಲ ಕೋರ್‌ಗಳಿಗೂ ಶುರುವಿನಿಂದಲೇ ಕೆಲಸ ಸಿಗುವುದಿಲ್ಲ. ವಜ್ರದ ಆಕಾರದಲ್ಲಿ ಕತ್ತರಿಸಿದರೆ ಸಿಗುತ್ತದೆ. ಈ ವಜ್ರದ ಕತ್ತರಿಕೆಯನ್ನು ಕಂಪೈಲರ್ ತಾನಾಗಿಯೇ ಹುಡುಕುವ ಹಾಗೆ ಮಾಡಿ 2012ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಬೊಂಧುಗುಲ ಮತ್ತು ಅವರ ವಿದ್ಯಾರ್ಥಿಗಳು. ಅದಕ್ಕೆ ಬುನಾದಿಯಾದ ಪ್ಲೂಟೋ ಕಂಪೈಲರನ್ನು ಅವರು ಅಮೆರಿಕದ ಒಹಾಯೋದಲ್ಲಿ ಪಿಎಚ್‌ಡಿ ಮಾಡುವಾಗ ಬರೆದದ್ದು, 2008ರ ಹೊತ್ತಿಗೆ. ಪ್ಲೂಟೋ ಮಾಡುವುದು ಇಷ್ಟೇ: ಸಿ ಭಾಷೆಯ ಲೂಪ್ ತೆಗೆದುಕೊಂಡು, ಬದಲಾಯಿಸಿದ ಸಿ ಲೂಪನ್ನೇ ವಾಪಸ್ ಕೊಡುತ್ತದೆ. ಮಿಕ್ಕಿದ್ದನ್ನು ಮಾಮೂಲಿ ಕಂಪೈಲರ್ ನೋಡಿಕೊಳ್ಳುತ್ತದೆ. ಗಮನಿಸಿ, ಅವರು ಹೊಸ ಭಾಷೆ ಮಾಡಲು ಹೋಗಲಿಲ್ಲ.

ಮ್ಯಾಟ್ರಿಕ್ಸ್ ಗುಣಾಕಾರದ ಉದಾಹರಣೆ ಯಾಕೆ ಕೊಡಲಿಲ್ಲ ಅಂತ ನಿಮಗನ್ನಿಸಿರಬಹುದು. ಎಲ್ಲ ಹೊಸಬರೂ ಅದನ್ನೇ ತೋರಿಸುತ್ತಾರೆ. ಅನುಭವಿಗಳು ಅದನ್ನು ನೋಡಿದ ಕೂಡಲೇ "ಓಪನ್‌ಬ್ಲಾಸ್‌ಗಿಂತ ಎಷ್ಟು ವೇಗ?" ಅನ್ನುತ್ತಾರೆ. ಅದು ಮ್ಯಾಟ್ರಿಕ್ಸ್ ಲೆಕ್ಕಗಳಿಗೆಂದೇ ಇರುವ ಸಿದ್ಧ ಲೈಬ್ರರಿ. ಅಲ್ಲಿಗೆ ಮಾತು ಮುಗಿಯಿತು. ಆ ಲೈಬ್ರರಿಗಳು ಯಂತ್ರದ ಗರಿಷ್ಠ ವೇಗದ ಹತ್ತಿರಕ್ಕೇ ಹೋಗಿ ಕೂತಿವೆ. ಲೈಬ್ರರಿ ಇಲ್ಲದ ಕಡೆ ಹೋಗಿ.

ಇಂಥ ಲೂಪ್ ಇಟ್ಟುಕೊಂಡು ಕೂತವರು ಎಲ್ಲಿದ್ದಾರೆ? ನಿಮ್ಮಿಂದ ದೂರವೇನಿಲ್ಲ. ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಇದೆ, 3.3 ಪೆಟಾಫ್ಲಾಪ್ಸ್ (ಸೆಕೆಂಡಿಗೆ ಎಷ್ಟು ಲೆಕ್ಕ ಎಂಬುದರ ಅಳತೆ) ಸಾಮರ್ಥ್ಯದ್ದು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಪರಮ್ ಯುಕ್ತಿ ಇದೆ. 2015ರಲ್ಲಿ 4,500 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನಿಂದ ದೇಶದ ಹಲವು ವಿದ್ಯಾಸಂಸ್ಥೆಗಳಿಗೆ ಇಂಥ ಯಂತ್ರಗಳು ಬಂದಿವೆ. ಯಂತ್ರ ಇದ್ದಲ್ಲೆಲ್ಲ ಮೂರನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿಗಳಿರುತ್ತಾರೆ. ಅವರ ಮೇಜಿನ ಮೇಲೆ ಗೈಡ್ ಕೊಟ್ಟ ಹಳೇ ಫೋರ್ಟ್ರಾನ್ ಕೋಡ್ ಇರುತ್ತದೆ. ಅದರಲ್ಲಿ ಒಂದು ಲೂಪ್ ಇಡೀ ರಾತ್ರಿ ನುಂಗುತ್ತದೆ. ನಿಮಗೆ ಬೇಕಾದವರು ಇವರೇ.

ಒಂದು ಎಚ್ಚರಿಕೆ. ಪ್ರಪಂಚವೆಲ್ಲ ಬಳಸುವ ದೊಡ್ಡ ಪ್ಯಾಕೇಜ್‌ಗಳ ತಂಟೆಗೆ ಹೋಗಬೇಡಿ. ಅಣುಗಳ ಚಲನೆಯನ್ನು ಲೆಕ್ಕ ಹಾಕುವ ಗ್ರೋಮ್ಯಾಕ್ಸ್ ತರಹದವನ್ನು ನುರಿತ ಜನ ವರ್ಷಗಟ್ಟಲೆ ಕೈಯಲ್ಲೇ ತಿದ್ದಿ ತೀಡಿದ್ದಾರೆ. ನಿಮ್ಮ ಕಂಪೈಲರ್‌ಗೆ ಅಲ್ಲಿ ಗಿಟ್ಟುವುದು ಕಡಿಮೆ. ಎರಡು ಮೂರು ಸಾವಿರ ಸಾಲಿನ, ಒಂದೇ ಲ್ಯಾಬಿನ ಸ್ವಂತ ಕೋಡ್ ಹುಡುಕಿ. ಹೋಗಿ ಮಾತಾಡುವಾಗ ಕಂಪೈಲರ್ ಎಂಬ ಮಾತನ್ನೇ ಎತ್ತಬೇಡಿ. "ನಿಮ್ಮ ಪ್ರೋಗ್ರಾಂನಲ್ಲಿ ಹೆಚ್ಚು ಹೊತ್ತು ಎಲ್ಲಿ ಹೋಗುತ್ತದೆ ಅಂತ ಅಳೆದು ಕೊಡಲಾ?" ಅಂತ ಕೇಳಿ. ಬೇಡ ಅಂದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಎರಡನೆಯ ಜೊತೆಗಾರರು ಉತ್ತರ ಪರೀಕ್ಷೆ ಮಾಡುವವರು. ಇದನ್ನು ಎಲ್ಲರೂ ಕಡೆಗೆ ತಳ್ಳುತ್ತಾರೆ. ನೀವು ಮುಂದಕ್ಕೆ ತನ್ನಿ. ಲೂಪ್‌ನಲ್ಲಿ ಕೂಡುವ ಕ್ರಮ ಬದಲಾದರೆ ಉತ್ತರವೂ ಬದಲಾಗಬಹುದು. ಒಂದರ ಮುಂದೆ 16 ಸೊನ್ನೆ ಇರುವ ಸಂಖ್ಯೆ ತೆಗೆದುಕೊಳ್ಳಿ. ಅದಕ್ಕೆ 1 ಕೂಡಿಸಿ, ಆಮೇಲೆ ಅದೇ ದೊಡ್ಡ ಸಂಖ್ಯೆ ಕಳೆಯಿರಿ. 64 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ (ಕಂಪ್ಯೂಟರ್ ಭಿನ್ನರಾಶಿಗಳನ್ನು ಇಡುವ ಮಾಮೂಲಿ ಕ್ರಮದಲ್ಲಿ) ಉತ್ತರ 0 ಬರುತ್ತದೆ, ಯಾಕೆಂದರೆ ಆ ಗಾತ್ರದ ಹತ್ತಿರ ಯಂತ್ರಕ್ಕೆ ಎರಡೆರಡರ ಅಂತರದ ಸಂಖ್ಯೆಗಳು ಮಾತ್ರ ಗೊತ್ತು. ಮೊದಲು ಕಳೆದು ಆಮೇಲೆ ಕೂಡಿಸಿದರೆ 1 ಬರುತ್ತದೆ. ನಿಮ್ಮ ಪಾಸ್ (ಕಂಪೈಲರ್‌ನಲ್ಲಿ ಕೋಡ್ ಬದಲಾಯಿಸುವ ಒಂದು ಹಂತ) ಇಂಥ ಅದಲು ಬದಲು ಮಾಡಿತು, ಆ ವಿದ್ಯಾರ್ಥಿಯ ಗ್ರಾಫ್ ಆರನೇ ಅಂಕೆಯಲ್ಲಿ ಬೇರೆ ಆಯಿತು ಅಂದುಕೊಳ್ಳಿ. ಮೂರು ಪಟ್ಟು ವೇಗ ಕೊಟ್ಟರೂ ಅವರು ಮತ್ತೆ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. ಅವರ ಗೈಡ್ ಅಂತೂ ಖಂಡಿತ ಬಿಡುವುದಿಲ್ಲ. ಗಣಿತ ಅಥವಾ ಭೌತಶಾಸ್ತ್ರ ಓದಿದ, ಸ್ವಲ್ಪ ಅನುಮಾನದ ಸ್ವಭಾವದ ಒಬ್ಬರನ್ನು ಇದಕ್ಕೆಂದೇ ಹುಡುಕಿ. ಕಂಪೈಲರ್ ಬರೆಯುವವರಿಗೆ ತಮ್ಮ ಪಾಸ್ ಮೇಲೆ ಪ್ರೀತಿ ಜಾಸ್ತಿ, ಅವರ ಕೈಗೆ ಈ ಕೆಲಸ ಕೊಡಬಾರದು.

ಕಂಪೈಲರ್ ಬಲ್ಲವರು ಮೂರನೆಯ ಸ್ಥಾನದಲ್ಲಿ ಬರುತ್ತಾರೆ. ಅವರಿಗೋಸ್ಕರ ನೀವು ಒಂದು ಕಷ್ಟದ ನಿರ್ಧಾರ ಮಾಡಬೇಕು. ಆ ಸ್ವಂತ ಭಾಷೆ ಮತ್ತು ಪಾರ್ಸರ್ ಬಿಟ್ಟುಬಿಡಿ.

ಬೇಜಾರಾಗುತ್ತದೆ, ಗೊತ್ತು. ನಾನೂ ಮಾಡಿದ ತಪ್ಪೇ ಇದು. ಹಿಂದೆ ಮೂವರು ಗೆಳೆಯರು ಸೇರಿ ಒಂದು ಲೂಪ್ ಕಂಪೈಲರ್ ಶುರು ಮಾಡಿದೆವು. ಒಳಗಿನ ಕೋಡ್ ಯಾವ ರೂಪದಲ್ಲಿರಬೇಕು ಎಂಬ ಚರ್ಚೆಯಲ್ಲೇ ಹನ್ನೊಂದು ತಿಂಗಳು ಕಳೆದೆವು. ಅಷ್ಟು ಹೊತ್ತಿಗೆ ಒಬ್ಬರಿಗೆ ಮದುವೆ ಆಯಿತು, ಇನ್ನೊಬ್ಬರಿಗೆ ಕೆಲಸ ಬದಲಾಯಿತು, ಒಂದೇ ಒಂದು ಲೂಪ್ ಕೂಡ ವೇಗವಾಗಲಿಲ್ಲ. ಆ ರೂಪ ತುಂಬಾ ಸುಂದರವಾಗಿತ್ತು ಅಂತ ಈಗಲೂ ಅನ್ನಿಸುತ್ತದೆ, ಏನು ಪ್ರಯೋಜನ.

ಇವತ್ತು ಅದನ್ನು ಮೊದಲಿನಿಂದ ಮಾಡುವ ಅಗತ್ಯವೇ ಇಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ಅವರ ಗುರು ವಿಕ್ರಮ್ ಆಡ್ವೆ 2000ದಲ್ಲಿ ಶುರು ಮಾಡಿದ ಎಲ್‌ಎಲ್‌ವಿಎಂ ಈಗ ಹಲವು ದೊಡ್ಡ ಕಂಪನಿಗಳ ಕಂಪೈಲರ್‌ಗಳಿಗೆ ಅಡಿಪಾಯ. ಅದರ ಮೇಲೆ ಗೂಗಲ್‌ನಲ್ಲಿ ಹುಟ್ಟಿ 2019ರಲ್ಲಿ ಎಲ್ಲರಿಗೂ ತೆರೆದ ಎಂಎಲ್‌ಐಆರ್ ಎಂಬ ಕಂಪೈಲರ್ ಕಟ್ಟುವ ಚೌಕಟ್ಟು ಇದೆ. ಅದರಲ್ಲಿ ಲೂಪ್‌ಗಳು ಲೂಪ್‌ಗಳಾಗಿಯೇ ಉಳಿಯುತ್ತವೆ, ಬರೀ ಜಿಗಿತಗಳಾಗಿ ಕರಗಿ ಹೋಗುವುದಿಲ್ಲ. ಯಾವ ಲೂಪ್ ಯಾವುದಕ್ಕೆ ಕಾಯಬೇಕು ಎಂಬ ವಿಶ್ಲೇಷಣೆಯೂ ಸಾಕಷ್ಟು ಸಿದ್ಧವಾಗಿದೆ. ಮೇಲೆ ಹೇಳಿದ ಬೊಂಧುಗುಲ ಅವರ ಕೈ ಅದರಲ್ಲೂ ಇದೆ. ಫೋರ್ಟ್ರಾನ್ ಓದಲು ಫ್ಲ್ಯಾಂಗ್ ಇದೆ, 2020ರಿಂದ ಎಲ್‌ಎಲ್‌ವಿಎಂನ ಒಳಗೇ ಬೆಳೆಯುತ್ತಿದೆ. ನಿಮ್ಮ ಅರ್ಧ ಆಗಿರುವ ಲೂಪ್ ಭಾಗವೇ ನಿಮ್ಮ ನಿಜವಾದ ಆಸ್ತಿ. ಅದನ್ನು ಎಂಎಲ್‌ಐಆರ್‌ನ ಒಂದು ಪಾಸ್ ಆಗಿ ಮಾರ್ಪಡಿಸಿ. ಆಗ ಬರುವವರು ನಿಮ್ಮ ಭಾಷೆ ಕಲಿಯಬೇಕಿಲ್ಲ. ಕಲಿತದ್ದು ಅವರ ಮುಂದಿನ ಕೆಲಸಕ್ಕೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ಜೊತೆ ನಿಲ್ಲಲು ಅವರಿಗೆ ಅದೊಂದು ಕಾರಣ ಸಾಕು.

ಅವರು ಸಿಗುವ ಜಾಗವೂ ಅದೇ. ನೀವೇ ಮೊದಲು ಬೇರೆಯವರ ಯೋಜನೆಗೆ ಜೊತೆಗಾರರಾಗಿ. ಫ್ಲ್ಯಾಂಗ್‌ನಲ್ಲೋ ಎಂಎಲ್‌ಐಆರ್‌ನಲ್ಲೋ ಸಣ್ಣ ಬಗ್ (ದೋಷ) ಸರಿಮಾಡಿ ಪ್ಯಾಚ್ (ಕೋಡ್‌ನ ತಿದ್ದುಪಡಿ) ಕಳಿಸಿ. ಮೊದಲನೆಯದಕ್ಕೆ ಇಪ್ಪತ್ತು ತಿದ್ದುಪಡಿ ಹೇಳುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಐದಾರು ಪ್ಯಾಚ್ ಆದ ಮೇಲೆ ನಿಮ್ಮ ಹೆಸರು ನಾಲ್ಕು ಜನರಿಗೆ ಗೊತ್ತಿರುತ್ತದೆ. ಆಗ ಕೇಳಿದರೆ ಓದುತ್ತಾರೆ. ಬೆಂಗಳೂರಿನಲ್ಲಿ ಎಎಂಡಿ, ಇಂಟೆಲ್ ಮುಂತಾದ ಚಿಪ್ ಕಂಪನಿಗಳ ಕಂಪೈಲರ್ ಎಂಜಿನಿಯರ್‌ಗಳು ಬಹಳ ಜನ ಇದ್ದಾರೆ. ಹಗಲು ಕಂಪನಿಯ ಬಗ್, ರಾತ್ರಿ ನಿಮ್ಮ ಬಗ್ ಅಂದರೆ ಯಾರೂ ಬರುವುದಿಲ್ಲ. ಆದರೆ ತಿಂಗಳಿಗೆ ಒಂದು ಗಂಟೆ ನಿಮ್ಮ ವಿನ್ಯಾಸ ನೋಡಿ "ಇದು ಈ ಕಾರಣಕ್ಕೆ ಕೆಡುತ್ತೆ" ಅನ್ನುವವರು ಸಿಗುತ್ತಾರೆ. ಅಂಥ ಒಂದು ಗಂಟೆ ಹೊಸಬರೊಬ್ಬರ ಒಂದು ತಿಂಗಳಿಗೆ ಸಮ. ಪ್ರತಿ ಡಿಸೆಂಬರ್‌ನಲ್ಲಿ ಭಾರತದ ಯಾವುದಾದರೂ ಊರಿನಲ್ಲಿ ನಡೆಯುವ, ಸೂಪರ್‌ಕಂಪ್ಯೂಟಿಂಗ್ ಜನ ಸೇರುವ ಹೈಪಿಸಿ ಸಮ್ಮೇಳನಕ್ಕೆ ಒಮ್ಮೆ ಹೋಗಿ ಬನ್ನಿ. ನಿಧಾನದ ಪ್ರೋಗ್ರಾಂ ಇರುವವರೂ ಕಂಪೈಲರ್ ಬಲ್ಲವರೂ ಒಂದೇ ಕಡೆ ಕಾಫಿಗೆ ಸಾಲು ನಿಲ್ಲುವುದು ಬೇರೆಲ್ಲೂ ಅಷ್ಟಾಗಿ ಸಿಗದು.

ಜನ ಸಿಕ್ಕಿದರೆ ಸಾಲದು, ಕೆಲಸ ಒಂದೇ ಕಡೆ ಸೇರಬೇಕು. ಓಪನ್64 ಎಂಬ ಕಂಪೈಲರ್‌ನ ಕಥೆ ಹೊಟ್ಟೆ ಉರಿಸುವಂಥದ್ದು. ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ತನ್ನ ಒಳ್ಳೆಯ ಕಂಪೈಲರನ್ನು 2000ದಲ್ಲಿ ತೆರೆದಿಟ್ಟಿತು. ಲೂಪ್ ಬದಲಾಯಿಸುವುದರಲ್ಲಿ ಆಗ ಅದರ ಮುಂದೆ ಜಿಸಿಸಿ (ಬಹಳ ಜನ ಬಳಸುವ ಮುಕ್ತ ಕಂಪೈಲರ್) ಏನೂ ಅಲ್ಲ. ಜೊತೆಗಾರರಿಗೂ ಬರ ಇರಲಿಲ್ಲ. ಇಂಟೆಲ್ ಮತ್ತು ಚೀನಾದ ವಿಜ್ಞಾನ ಅಕಾಡೆಮಿ ಸೇರಿ ಒಂದು ಬ್ರಾಂಚ್ (ಬೇರೆಯಾಗಿ ಬೆಳೆಸುವ ಪ್ರತಿ), ಪಾತ್‌ಸ್ಕೇಲ್ ಒಂದು, ಹ್ಯೂಸ್ಟನ್ ವಿಶ್ವವಿದ್ಯಾಲಯ ಒಂದು, ಎಎಂಡಿ ಒಂದು. ಎನ್‌ವಿಡಿಯಾ ತನ್ನ ಗ್ರಾಫಿಕ್ಸ್ ಚಿಪ್‌ಗಳಿಗಾಗಿ ಮಾಡಿದ ಕುಡಾ ಕಂಪೈಲರ್ ಕೂಡ ಮೊದಲು ಇದರ ಮೇಲೇ ನಿಂತಿತ್ತು. ಎಲ್ಲರೂ ತಮ್ಮ ತಮ್ಮ ಬ್ರಾಂಚ್ ಬೆಳೆಸಿದರು. ವಾಪಸ್ ತಂದು ಒಂದೇ ಮರಕ್ಕೆ ಕಟ್ಟುವ ಕೆಲಸ ಯಾರದ್ದೂ ಅಲ್ಲದೇ ಹೋಯಿತು. 2011ರ ನಂತರ ಅದರ ಹೊಸ ಮುಖ್ಯ ಆವೃತ್ತಿ ಬರಲೇ ಇಲ್ಲ. ಎನ್‌ವಿಡಿಯಾ ಕೂಡ ಎಲ್‌ಎಲ್‌ವಿಎಂಗೆ ಜಾಗ ಬದಲಾಯಿಸಿತು. ಇದಕ್ಕೆ ಉಲ್ಟಾ ಕಥೆ ಜಿಸಿಸಿಯದ್ದು. ಪ್ಯಾಚ್‌ಗಳು ಒಳಗೆ ಹೋಗಲು ತುಂಬಾ ತಡವಾಗುತ್ತಿದೆ ಅಂತ ಕೆಲವರು 1997ರಲ್ಲಿ ಸಿಡಿದು ಇಜಿಸಿಎಸ್ ಅಂತ ಬೇರೆ ಮನೆ ಮಾಡಿದರು. ಎರಡೇ ವರ್ಷದಲ್ಲಿ ಆ ಬೇರೆ ಮನೆಯೇ ಅಧಿಕೃತ ಜಿಸಿಸಿ ಆಯಿತು. ಬಂದ ಪ್ಯಾಚ್‌ಗೆ ವಾರದೊಳಗೆ ಉತ್ತರ ಕೊಡುವವರು ಯಾರು ಅಂತ ಮೊದಲೇ ತೀರ್ಮಾನಿಸಿ. ಸದ್ಯಕ್ಕೆ ಅದು ನೀವೇ.

ಲೈಸೆನ್ಸ್ ವಿಷಯ ಬೇಗ ಮುಗಿಸುತ್ತೇನೆ. ಎಲ್‌ಎಲ್‌ವಿಎಂ ಬಳಸುವ ಅಪಾಚೆ 2.0 ಮತ್ತು ಅದರ ವಿನಾಯಿತಿಗಳನ್ನೇ ಇಟ್ಟುಕೊಳ್ಳಿ. ಅವರು ಹಳೇ ಲೈಸೆನ್ಸ್‌ನಿಂದ ಇದಕ್ಕೆ ಬರಲು ಹಿಂದೆ ಕೋಡ್ ಕೊಟ್ಟಿದ್ದವರನ್ನೆಲ್ಲ ಹುಡುಕಿ ಒಪ್ಪಿಗೆ ಪಡೆಯಬೇಕಾಯಿತು, ವರ್ಷಗಟ್ಟಲೆ ಹಿಡಿಯಿತು. ಇನ್ನೊಂದು, ನಿಮ್ಮ ಈಗಿನ ನೌಕರಿಯ ಕರಾರು ತೆಗೆದು ಓದಿ. ಬಿಡುವಿನಲ್ಲಿ ಬರೆದ ಕೋಡ್ ಕೂಡ ಕಂಪನಿಯದ್ದು ಅಂತ ಅಲ್ಲಿ ಇರಬಹುದು. ಇದ್ದರೆ ಬರವಣಿಗೆಯಲ್ಲಿ ಅನುಮತಿ ತೆಗೆದುಕೊಂಡು ಆಮೇಲೆ ಬೇರೆಯವರನ್ನು ಕರೆಯಿರಿ.

ಯಾರಿಗೆ ಏನು ಸಿಗುತ್ತದೆ ಅಂತಲೂ ಮುಂಚೆಯೇ ಬಾಯಿಬಿಟ್ಟು ಮಾತಾಡಿ. ವಿದ್ಯಾರ್ಥಿಗೆ ಪ್ರಬಂಧದಲ್ಲಿ ಹೆಸರು ಬೇಕು. ಎಂಜಿನಿಯರ್‌ಗೆ ತೋರಿಸಲು ಪ್ಯಾಚ್ ಬೇಕು. ವಿಜ್ಞಾನಿಗೆ ಶುಕ್ರವಾರದೊಳಗೆ ಉತ್ತರ ಬೇಕು, ನಿಮ್ಮ ಕಂಪೈಲರ್ ಉಳಿಯುತ್ತೋ ಹೋಗುತ್ತೋ ಅವರಿಗೆ ಚಿಂತೆ ಇಲ್ಲ. ಇದರಲ್ಲಿ ಯಾವುದೂ ತಪ್ಪಲ್ಲ.

ಮುಂದಿನ ಸಲ ಕರೆ ಕೊಡುವಾಗ ಪತ್ರ ಹೀಗಿರಲಿ. "ಇಂಥ ಲ್ಯಾಬಿನ ಶಾಖ ಹರಡುವಿಕೆಯ ಪ್ರೋಗ್ರಾಂನಲ್ಲಿ 40 ಸಾಲಿನ ಒಂದು ಲೂಪ್ ಇದೆ. ಈ ಪ್ರೊಸೆಸರ್‌ನಲ್ಲಿ, ಈ ಕಂಪೈಲರ್‌ನಲ್ಲಿ, ಈ ಆಯ್ಕೆಗಳಲ್ಲಿ ಇಷ್ಟು ಸೆಕೆಂಡ್. ನಮ್ಮ ಪಾಸ್ ಹಾಕಿದರೆ ಇಷ್ಟು. ಉತ್ತರದಲ್ಲಿ ವ್ಯತ್ಯಾಸ ಇಷ್ಟು. ಒಂದೇ ಆದೇಶದಲ್ಲಿ ನೀವೂ ಓಡಿಸಿ ನೋಡಬಹುದು. ಮೆಮೊರಿಯ ಲೆಕ್ಕದ ಪ್ರಕಾರ ಇನ್ನೂ ಎರಡು ಪಟ್ಟು ಸಿಗಬೇಕು, ಸಿಗುತ್ತಿಲ್ಲ. ಅಂಚಿನ ತುಂಡುಗಳಲ್ಲಿ ವೆಕ್ಟರ್ ಆದೇಶಗಳು (ಒಂದೇ ಏಟಿಗೆ ಹಲವು ಸಂಖ್ಯೆಗಳ ಲೆಕ್ಕ ಮಾಡುವವು) ಬರುತ್ತಿಲ್ಲ ಅಂತ ನಮ್ಮ ಅನುಮಾನ. ಇದನ್ನು ನೋಡಲು ಮೂರು ವಾರ, ವಾರಕ್ಕೆ ನಾಲ್ಕು ಗಂಟೆ ಕೊಡುವವರು ಒಬ್ಬರು ಬೇಕು." ಇದಕ್ಕೆ ಒಂಬತ್ತು ಜನ ಬರುವುದಿಲ್ಲ. ಇಬ್ಬರು ಬರಬಹುದು. ಆದರೆ ಆ "ಸಿಗುತ್ತಿಲ್ಲ" ಎಂಬ ಮಾತು ಓದಿ ನಿದ್ದೆ ಬಾರದೆ ಬಂದವರು ಅವರು.

ಬರುವ ವಾರ ಬೆಂಗಳೂರಿಗೆ ಹೋಗುವುದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಪರ್ಫ್ (ಪ್ರೋಗ್ರಾಂನ ಹೊತ್ತು ಎಲ್ಲಿ ಹೋಗುತ್ತದೆ ಅಂತ ಅಳೆಯುವ ಸಾಧನ) ಹಾಕಿಕೊಂಡು ಹೋಗಿ. ಆ ಲೂಪ್ ಸಿಕ್ಕ ಮೇಲೆ ಅದರ ಗಾತ್ರ, ಅದು ತೆಗೆದುಕೊಳ್ಳುವ ಸೆಕೆಂಡ್, ನಿಮ್ಮ ಯಂತ್ರದ ಮೆಮೊರಿ ವೇಗ, ಈ ಮೂರನ್ನೂ ಬರೆದು ಕಳಿಸಿ. ಮುಂದಿನ ಲೆಕ್ಕ ಒಟ್ಟಿಗೆ ಹಾಕೋಣ.